‘ಹೊಟ್ಟೆ ಆಪರೇಷನ್’ ಅಂದರೆ ಸಾಕೇ?

ಕಳೆದ ತಿಂಗಳು ಡೈಮಂಡ್ ಬಾರ್‌ನಲ್ಲಿ ಭಾನುವಾರದ ಕನ್ನಡ ಕ್ಲಾಸ್ ಮುಗಿದ ಮೇಲೆ, ಪಾರ್ಕಿಂಗ್ ಲಾಟಿನಲ್ಲಿ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಏಳು ವರ್ಷದ ಮಗಳಿಗೆ ಮತ್ತೊಂದು ಆಪರೇಷನ್ ಇದೆಯಂತೆ. ಹುಟ್ಟಿದಾಗಿನಿಂದ ಇದು ಮೂರನೆಯದು. ಗೆಳತಿಯ ಬರ್ತ್‌ಡೇ ಸ್ಲೀಪ್‌ಓವರ್‌ಗೆ ಮಗಳನ್ನು ಕಳಿಸಬೇಕೋ ಬೇಡವೋ ಎಂದು ಕೇಳಲು ಬಂದವರು, ಮಾತು ಮುಗಿಸುವ ಹೊತ್ತಿಗೆ ಬೇರೆಯೇ ವಿಷಯ ಹೇಳಿದರು. ‘ಎಲ್ಲರಿಗೂ ಹೊಟ್ಟೆ ಆಪರೇಷನ್ ಅಂತ ಹೇಳಿಬಿಟ್ಟಿದ್ದೆ. ಮೊನ್ನೆ ಅವಳೇ ಕೇಳಿದಳು, ಅಮ್ಮಾ, ನನ್ನದು ಹೊಟ್ಟೆ ಅಲ್ವಲ್ಲ, ನೀನು ಯಾಕೆ ಸುಳ್ಳು ಹೇಳ್ತೀಯ ಅಂತ. ನನಗೆ ಉತ್ತರ ಕೊಡೋಕೆ ಆಗಲಿಲ್ಲ.’

ಆ ಹುಡುಗಿಯ ಪ್ರಶ್ನೆಯೇ ಈ ತಿಂಗಳ ಅಂಕಣ. ಹೆಸರು, ಗುರುತು ಬೇಡ ಎಂದು ಕೇಳಿಕೊಂಡು, ಬರೆಯಲು ಒಪ್ಪಿಗೆ ಕೊಟ್ಟವರೂ ಆ ತಾಯಿಯೇ. ನಾನು ಡಾಕ್ಟರ್ ಅಲ್ಲ. ನಿಮ್ಮ ಮಗುವಿನ ಚಿಕಿತ್ಸೆಯ ನಿರ್ಧಾರ ನಿಮ್ಮ ಡಾಕ್ಟರದ್ದು, ನಿಮ್ಮದು. ಆದರೆ ಮೂತ್ರಕೋಶ ಎಂಬ ಪದವನ್ನೇ ಮನೆಯಲ್ಲಿ ಆಡದ ನಮ್ಮಂಥವರಿಗೆ ಒಂದಿಷ್ಟು ತಿಳಿವಳಿಕೆ, ಒಂದಿಷ್ಟು ಪದಗಳು ಬೇಕು. ನಿಮ್ಮ ಮನೆಯಲ್ಲಿ ಇಂಥ ಮಗು ಇಲ್ಲದಿದ್ದರೂ ಓದಿ. ನಿಮ್ಮ ಮಗುವಿನ ಕ್ಲಾಸಿನಲ್ಲಿ ಇರಬಹುದು.

ಏನಿದು ತೊಂದರೆ?

ಮೂತ್ರಪಿಂಡ ಅಂದರೆ ಕಿಡ್ನಿ. ಅಲ್ಲಿ ತಯಾರಾದ ಮೂತ್ರ ಎರಡು ನಾಳಗಳ ಮೂಲಕ ಇಳಿದು ಬಂದು ಸೇರುವ ಚೀಲವೇ ಮೂತ್ರಕೋಶ, ಬ್ಲಾಡರ್. ಈ ಚೀಲಕ್ಕೆ ಎರಡು ಕೆಲಸ. ತುಂಬುವಾಗ ಮೆತ್ತಗೆ ಹಿಗ್ಗಬೇಕು, ಹೊತ್ತು ಬಂದಾಗ ಪೂರ್ತಿ ಖಾಲಿಯಾಗಬೇಕು. ಮಗುವಿನ ಬ್ಲಾಡರ್ ಎಷ್ಟು ಹಿಡಿಯುತ್ತದೆ ಎನ್ನಲು ಡಾಕ್ಟರುಗಳು ಒಂದು ಸುಲಭ ಲೆಕ್ಕ ಬಳಸುತ್ತಾರೆ. ವಯಸ್ಸಿಗೆ ಎರಡು ಸೇರಿಸಿ, 30ರಿಂದ ಗುಣಿಸಿ. ಆರು ವರ್ಷದ ಮಗುವಿಗೆ ಸುಮಾರು 240 ಮಿಲಿಲೀಟರ್, ಒಂದು ದೊಡ್ಡ ಲೋಟದಷ್ಟು.

ಹುಟ್ಟಿನಿಂದಲೇ ಬರುವ ತೊಂದರೆಗಳಲ್ಲಿ ಮೂರನ್ನು ಹೇಳುತ್ತೇನೆ. ಮೊದಲನೆಯದು, ಗಂಡುಮಕ್ಕಳಲ್ಲಿ ಮಾತ್ರ ಕಾಣುವ ‘ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್’. ಮೂತ್ರ ಹೊರಹೋಗುವ ದಾರಿಯಲ್ಲಿ ತೆಳು ಪೊರೆಯೊಂದು ಅಡ್ಡ ನಿಂತಿರುತ್ತದೆ. ಬಸಿರಿನಲ್ಲಿ ಇಪ್ಪತ್ತನೇ ವಾರದ ಸ್ಕ್ಯಾನ್‌ನಲ್ಲಿ ಊದಿದ ಬ್ಲಾಡರ್, ಊದಿದ ಕಿಡ್ನಿ ಕಂಡು ಹಲವರಿಗೆ ಆಗಲೇ ಗೊತ್ತಾಗುತ್ತದೆ. ಹುಟ್ಟಿದ ಮೇಲೆ ಸಣ್ಣ ದುರ್ಬೀನು ತೂರಿಸಿ ಆ ಪೊರೆಯನ್ನು ಕತ್ತರಿಸುತ್ತಾರೆ. ಆಪರೇಷನ್ ಚಿಕ್ಕದು, ಆದರೆ ಅಷ್ಟಕ್ಕೇ ಮುಗಿಯಿತು ಎಂದುಕೊಳ್ಳಬಾರದು. ಗರ್ಭದಲ್ಲೇ ಒತ್ತಡ ತಿಂದ ಬ್ಲಾಡರ್ ಮತ್ತು ಕಿಡ್ನಿಯನ್ನು ಮಗ ದೊಡ್ಡವನಾಗುವವರೆಗೂ ನೋಡುತ್ತಿರಬೇಕಾಗುತ್ತದೆ.

ಎರಡನೆಯದು ‘ರಿಫ್ಲಕ್ಸ್’. ಬ್ಲಾಡರ್‌ಗೆ ಇಳಿದ ಮೂತ್ರ ಮತ್ತೆ ಕಿಡ್ನಿಯ ಕಡೆ ಮೇಲೇರುತ್ತದೆ. ಇದಕ್ಕೆ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. ಕೆಳಗಿನ ದರ್ಜೆಯದು ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತಾ ತಾನೇ ಸರಿಹೋಗುತ್ತದೆ. ಮೇಲಿನ ದರ್ಜೆಯದಕ್ಕೆ, ಪದೇ ಪದೇ ಜ್ವರದ ಸೋಂಕು ಬರುವವರಿಗೆ, ನಾಳವನ್ನು ಬ್ಲಾಡರ್ ಗೋಡೆಯಲ್ಲಿ ಹೊಸದಾಗಿ ಕೂರಿಸುವ ಆಪರೇಷನ್ ಬೇಕಾಗಬಹುದು.

ಮೂರನೆಯದು ಅಪರೂಪದ್ದು, ದೊಡ್ಡದು. ‘ಬ್ಲಾಡರ್ ಎಕ್ಸ್‌ಟ್ರೊಫಿ’. ಆ ತಾಯಿಯ ಮಗಳದ್ದು ಇದೇ. ಸುಮಾರು 30,000ದಿಂದ 50,000 ಹೆರಿಗೆಗಳಲ್ಲಿ ಒಂದು ಮಗುವಿಗೆ ಹೀಗಾಗುತ್ತದೆ. ಕೆಳಹೊಟ್ಟೆಯ ಗೋಡೆ ಕೂಡಿಕೊಳ್ಳದೆ, ಬ್ಲಾಡರ್ ಚೀಲವಾಗಿ ಮುಚ್ಚಿಕೊಳ್ಳದೆ, ತೆರೆದ ಪುಸ್ತಕದ ಹಾಗೆ ಹೊರಗೇ ಕಾಣುತ್ತಿರುತ್ತದೆ. ಸೊಂಟದ ಮುಂದಿನ ಮೂಳೆಗಳೂ ದೂರ ದೂರ ಇರುತ್ತವೆ. ಹೆರಿಗೆ ಕೋಣೆಯಲ್ಲಿ ಇದನ್ನು ಮೊದಲ ಸಲ ನೋಡುವ ತಂದೆತಾಯಿಗಳ ಪಾಡು ನೀವೇ ಊಹಿಸಿಕೊಳ್ಳಿ.

ಹಂತ ಹಂತವಾಗಿ

ಹುಟ್ಟಿದ ಕೂಡಲೇ ಮಾಡುವ ಮೊದಲ ಕೆಲಸ ಬಹಳ ಸರಳ. ತೆರೆದ ಬ್ಲಾಡರ್ ಮೇಲೆ ನಮ್ಮ ಅಡುಗೆಮನೆಯಲ್ಲಿ ಬಟ್ಟಲಿಗೆ ಸುತ್ತುತ್ತೇವಲ್ಲ, ಅಂಥದ್ದೇ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಒಣಗಬಾರದು, ಡೈಪರ್ ಉಜ್ಜಬಾರದು ಎಂದು. ಹೊಕ್ಕುಳ ಬಳ್ಳಿಗೆ ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ದಾರ ಕಟ್ಟುತ್ತಾರೆ.

ಆಮೇಲೆ ಮುಚ್ಚುವ ಆಪರೇಷನ್. ಕೆಲವು ಕಡೆ ಹುಟ್ಟಿದ ಮೊದಲ ಮೂರು ದಿನದಲ್ಲೇ ಮಾಡುತ್ತಾರೆ, ಕೆಲವು ಕಡೆ ಒಂದೆರಡು ತಿಂಗಳು ಕಾದು, ಮಗು ಸ್ವಲ್ಪ ಬೆಳೆದ ಮೇಲೆ. ಸೊಂಟದ ಮೂಳೆಯನ್ನು ಕತ್ತರಿಸಿ ಹತ್ತಿರ ತರಬೇಕಾಗಿ ಬಂದರೆ ಮೂಳೆ ತಜ್ಞರೂ ಜೊತೆಗಿರುತ್ತಾರೆ. ಬಳಿಕ ಹೊಲಿಗೆ ಬಿಡದಂತೆ ಮಗುವಿನ ಕಾಲುಗಳನ್ನು ಕೆಲವು ವಾರ ಅಲುಗಾಡದ ಹಾಗೆ ಕಟ್ಟಿಡುತ್ತಾರೆ. ಎತ್ತಿಕೊಳ್ಳಬೇಕು ಎಂದು ತೋಳು ತುಡಿಯುತ್ತಿರುತ್ತದೆ, ಎತ್ತುವ ಹಾಗಿಲ್ಲ. ‘ಆ ವಾರಗಳಲ್ಲಿ ನಾನು ಅವಳಿಗೆ ಕೊಡಲು ಸಾಧ್ಯವಿದ್ದದ್ದು ನನ್ನ ದನಿ ಮಾತ್ರ’ ಎಂದರು ಆ ತಾಯಿ. ದಿನವಿಡೀ ಕನ್ನಡದಲ್ಲಿ ಮಾತಾಡುತ್ತಾ ಕೂತಿದ್ದರಂತೆ.

ಈ ಮೊದಲ ಮುಚ್ಚುವಿಕೆ ಬಿಡದೆ ನಿಂತರೆ ಮುಂದೆ ಮಗು ಒದ್ದೆಯಾಗದೆ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದಲೇ, ಯಾರಿಗಾದರೂ ಈ ಸುದ್ದಿ ಸ್ಕ್ಯಾನ್‌ನಲ್ಲಿ ಗೊತ್ತಾದರೆ, ಆಸ್ಪತ್ರೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ನೀವು ವರ್ಷಕ್ಕೆ ಇಂಥ ಎಷ್ಟು ಮಕ್ಕಳಿಗೆ ಆಪರೇಷನ್ ಮಾಡುತ್ತೀರಿ?’ ಕೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಮುಂದಿನ ಹಂತ ಮೂತ್ರದ ದಾರಿಯನ್ನು ಸರಿಪಡಿಸುವುದು. ಅದರ ಮುಂದಿನದು ಬ್ಲಾಡರ್‌ನ ಕುತ್ತಿಗೆಯನ್ನು ಬಿಗಿಗೊಳಿಸುವುದು. ಈ ಕೊನೆಯದಕ್ಕೆ ಬ್ಲಾಡರ್ ಸಾಕಷ್ಟು ಬೆಳೆದಿರಬೇಕು, ಜೊತೆಗೆ ‘ನಾನು ಡ್ರೈ ಆಗಿರಬೇಕು’ ಎಂದು ಮಗುವಿಗೇ ಅನ್ನಿಸಬೇಕು. ಐದಾರು ವರ್ಷ ದಾಟಿದ ಮೇಲೆಯೇ ಇದರ ಯೋಚನೆ. ಅಂದರೆ ಇಲ್ಲಿ ಆಪರೇಷನ್ ಮಾಡಿಸಿಕೊಳ್ಳುವವಳು ಹಸುಗೂಸಲ್ಲ. ಪ್ರಶ್ನೆ ಕೇಳುವ, ಉತ್ತರ ಬೇಕಾದ ಮಗು.

ಇಬ್ಬರು ಡಾಕ್ಟರುಗಳು, ಎರಡು ಸರಳ ಉಪಾಯ

ಎಷ್ಟು ಹೊಲಿದರೂ ಕೆಲವು ಮಕ್ಕಳ ಬ್ಲಾಡರ್ ತಾನಾಗಿ ಪೂರ್ತಿ ಖಾಲಿಯಾಗುವುದಿಲ್ಲ. ಬೆನ್ನುಹುರಿಯ ಸ್ಪೈನಾ ಬೈಫಿಡಾ ಇರುವ ಮಕ್ಕಳಿಗೂ ಇದೇ ಕಷ್ಟ. ಇವರ ಬದುಕನ್ನು ಬದಲಿಸಿದ ಎರಡು ಉಪಾಯಗಳಿವೆ.

ಮಿಶಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಒಂದು ಮಾತು ಹೇಳಿದರು. ಸಣ್ಣ ಕೊಳವೆ ಹಾಕಿ ಮೂತ್ರ ತೆಗೆಯಲು ಆಪರೇಷನ್ ಥಿಯೇಟರ್‌ನಂಥ ಶುದ್ಧತೆ ಬೇಕಿಲ್ಲ, ಚೆನ್ನಾಗಿ ಕೈ ತೊಳೆದರೆ ಸಾಕು. ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ. ಏಕೆಂದರೆ ತುಂಬಿ ಬಿಗಿದ, ಮೂತ್ರ ಉಳಿದ ಬ್ಲಾಡರ್‌ನಲ್ಲೇ ಸೋಂಕು ಬೇರೂರುವುದು. ಈ ಒಂದು ಮಾತಿನಿಂದ ಆಸ್ಪತ್ರೆಯ ಕೆಲಸ ಮನೆಯ ಬಚ್ಚಲಿಗೆ ಬಂತು. ಎಂಟು ವರ್ಷದ ಮಗು ಸ್ಕೂಲಿನಲ್ಲಿ ತಾನೇ ಮಾಡಿಕೊಳ್ಳುವಂತಾಯಿತು.

1980ರಲ್ಲಿ ಫ್ರಾನ್ಸಿನ ಪಾಲ್ ಮಿತ್ರೊಫನಾಫ್ ಇನ್ನೊಂದು ದಾರಿ ತೋರಿಸಿದರು. ನಾವು ಯಾವ ಕೆಲಸಕ್ಕೂ ಬಾರದ್ದು ಎಂದುಕೊಳ್ಳುವ ಅಪೆಂಡಿಕ್ಸನ್ನೇ ಕೊಳವೆಯಾಗಿಸಿ, ಒಂದು ತುದಿಯನ್ನು ಬ್ಲಾಡರ್‌ಗೆ, ಇನ್ನೊಂದನ್ನು ಹೊಟ್ಟೆಯ ಚರ್ಮಕ್ಕೆ ಜೋಡಿಸುವುದು. ಎಷ್ಟೋ ಸಲ ಆ ಸಣ್ಣ ಬಾಯಿಯನ್ನು ಹೊಕ್ಕುಳಲ್ಲೇ ಅಡಗಿಸುತ್ತಾರೆ. ಬ್ಲಾಡರ್ ಗೋಡೆಯೊಳಗೆ ಆ ಕೊಳವೆ ಸ್ವಲ್ಪ ದೂರ ಸುರಂಗದ ಹಾಗೆ ಸಾಗುವುದರಿಂದ, ಬ್ಲಾಡರ್ ತುಂಬಿದಷ್ಟೂ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ, ಸೋರುವುದಿಲ್ಲ. ಮಗು ಬಟ್ಟೆ ಪೂರ್ತಿ ಬಿಚ್ಚದೆ, ಅಂಗಿ ಮೇಲೆತ್ತಿ ಕ್ಯಾಥೆಟರ್ ಹಾಕಿ ಖಾಲಿ ಮಾಡಿಕೊಳ್ಳಬಹುದು. ಆ ಹುಡುಗಿಗೆ ಮುಂದಿನ ತಿಂಗಳು ಆಗಬೇಕಿರುವುದು ಇದೇ. ಜೊತೆಗೆ, ಚಿಕ್ಕದಾಗಿಯೇ ಉಳಿದ ಬ್ಲಾಡರ್‌ಗೆ ಅವಳದೇ ಕರುಳಿನ ಒಂದು ತುಂಡನ್ನು ತೇಪೆಯಾಗಿ ಸೇರಿಸಿ ದೊಡ್ಡದು ಮಾಡುತ್ತಾರೆ.

ಈ ಕರುಳಿನ ತೇಪೆಯ ಬಗ್ಗೆ ಎರಡು ಮಾತು. ಕರುಳು ತನ್ನ ಹುಟ್ಟುಗುಣ ಬಿಡದು, ಲೋಳೆ ಸುರಿಸುತ್ತಲೇ ಇರುತ್ತದೆ. ಹಾಗಾಗಿ ದಿನವೂ ಉಪ್ಪುನೀರಿನಿಂದ ತೊಳೆಯಬೇಕು, ಇಲ್ಲವಾದರೆ ಕಲ್ಲು ಕಟ್ಟಬಹುದು. ಇನ್ನೊಂದು ಹೆಚ್ಚು ಮುಖ್ಯ. ಖಾಲಿ ಮಾಡುವ ಹೊತ್ತು ಮರೆತು ತುಂಬಿಹೋದರೆ ತೇಪೆ ಒಡೆಯುವ ಅಪಾಯವಿದೆ. ಹೊಟ್ಟೆನೋವು, ಹೊಟ್ಟೆ ಉಬ್ಬರ, ವಾಂತಿ, ಜ್ವರ ಬಂದರೆ ಗ್ಯಾಸ್ ಎಂದು ಓಮದ ನೀರು ಕುಡಿಸಿ ಕಾಯುವಂತಿಲ್ಲ. ನೇರ ಎಮರ್ಜೆನ್ಸಿಗೆ ಹೋಗಿ, ‘ಇವಳದು ಆಗ್ಮೆಂಟ್ ಮಾಡಿದ ಬ್ಲಾಡರ್’ ಎಂದು ಮೊದಲ ವಾಕ್ಯದಲ್ಲೇ ಹೇಳಬೇಕು.

‘ಲ್ಯಾಬ್‌ನಲ್ಲಿ ಬ್ಲಾಡರ್ ಬೆಳೆಸ್ತಾರಂತಲ್ಲ’ ಎಂದು ಯಾರಾದರೂ ನಿಮಗೆ ವಾಟ್ಸ್ಯಾಪ್ ಕಳಿಸಿರಬಹುದು. 2006ರಲ್ಲಿ ಆಂಥೊನಿ ಅಟಾಲಾ ಅವರ ತಂಡ, ರೋಗಿಗಳದೇ ಜೀವಕೋಶಗಳಿಂದ ಬೆಳೆಸಿದ ಬ್ಲಾಡರನ್ನು ಏಳು ಮಂದಿ ಎಳೆಯರಿಗೆ ಕೂರಿಸಿದ್ದನ್ನು ಪ್ರಕಟಿಸಿದ್ದು ನಿಜ. ಆದರೆ ಅದು ಇನ್ನೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಅದಕ್ಕಾಗಿ ಕಾಯುತ್ತಾ ಈಗ ಬೇಕಾದ ಚಿಕಿತ್ಸೆಯನ್ನು ಮುಂದೂಡಬೇಡಿ.

ಎಲ್ಲ ತಂದೆತಾಯಿಗಳಿಗೂ

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ತಡಮಾಡದೆ ತೋರಿಸಿ. ನೆಗಡಿ ಕೆಮ್ಮು ಇಲ್ಲದೆ ಮಗುವಿಗೆ ಜ್ವರ ಬಂದರೆ ಮೂತ್ರ ಪರೀಕ್ಷೆ ಬೇಕೇ ಎಂದು ಕೇಳಿ. ಗಂಡುಕೂಸಿನ ಮೂತ್ರ ಧಾರೆಯಾಗಿ ಬರದೆ ತೊಟ್ಟಿಕ್ಕುತ್ತಿದ್ದರೆ, ಮುಕ್ಕಿ ಮುಕ್ಕಿ ಮಾಡುತ್ತಿದ್ದರೆ ಗಮನಿಸಿ. ಐದು ವರ್ಷದ ಮಗು ರಾತ್ರಿ ಹಾಸಿಗೆ ಒದ್ದೆ ಮಾಡುವುದು ತೀರ ಸಾಮಾನ್ಯ. ಹಗಲಿನಲ್ಲೂ ಸದಾ ಒದ್ದೆಯಾಗುತ್ತಿದ್ದರೆ ಸೋಮಾರಿತನ ಎಂದು ಬೈಯಬೇಡಿ, ತೋರಿಸಿ.

ಇನ್ನೊಂದು, ಬರ್ತ್‌ಡೇ ಮಾಡುವವರಿಗೆ. ಪದೇ ಪದೇ ಆಪರೇಷನ್ ಆದ ಈ ಮಕ್ಕಳಲ್ಲಿ ಲ್ಯಾಟೆಕ್ಸ್ ರಬ್ಬರಿನ ಅಲರ್ಜಿ ಹೆಚ್ಚು. ಮನೆ ತುಂಬ ರಬ್ಬರ್ ಬಲೂನು ಕಟ್ಟುವ ಮೊದಲು ಒಂದು ಮಾತು ಕೇಳಿ. ಹೊಳೆಯುವ ಫಾಯಿಲ್ ಬಲೂನಿನಿಂದಲೂ ಹಬ್ಬ ಆಗುತ್ತದೆ.

ನಮ್ಮೂರಿನಲ್ಲಿ

ಡೈಮಂಡ್ ಬಾರ್‌ನವರಿಗೆ ಒಂದು ಅನುಕೂಲವಿದೆ. 57 ಮತ್ತು 60 ಎರಡೂ ಫ್ರೀವೇ ಹತ್ತಿರ. 60 ಹಿಡಿದು ಪಶ್ಚಿಮಕ್ಕೆ ಹೋದರೆ, ಟ್ರಾಫಿಕ್ ಕರುಣಿಸಿದರೆ, ಚಿಲ್ಡ್ರನ್ಸ್ ಹಾಸ್ಪಿಟಲ್ ಲಾಸ್ ಏಂಜಲಿಸ್. 1901ರಿಂದ ಮಕ್ಕಳಿಗಾಗಿಯೇ ಇರುವ ಆಸ್ಪತ್ರೆ. 57 ಹಿಡಿದು ದಕ್ಷಿಣಕ್ಕೆ ಹೋದರೆ ಆರೆಂಜ್‌ನಲ್ಲಿ ಚಾಕ್. ಸ್ಯಾನ್ ಡಿಯಾಗೋದವರಿಗೆ ರೇಡಿ ಚಿಲ್ಡ್ರನ್ಸ್. ಮೂರರಲ್ಲೂ ಮಕ್ಕಳ ಯುರಾಲಜಿ ವಿಭಾಗಗಳಿವೆ.

ಖರ್ಚಿನ ವಿಷಯ. ಕ್ಯಾಲಿಫೋರ್ನಿಯಾ ಚಿಲ್ಡ್ರನ್ಸ್ ಸರ್ವೀಸಸ್, ಅಂದರೆ ಸಿಸಿಎಸ್, 21 ವರ್ಷದೊಳಗಿನ ಮಕ್ಕಳಿಗಿರುವ ರಾಜ್ಯದ ಯೋಜನೆ. ‘ನಮ್ಮದು ಐಟಿ ಸಂಬಳ, ನಮಗೆಲ್ಲಿ ಸಿಗುತ್ತೆ’ ಎಂದು ನಮ್ಮವರು ಅರ್ಜಿಯನ್ನೇ ಹಾಕುವುದಿಲ್ಲ. ವಾರ್ಷಿಕ ಆದಾಯ 40,000 ಡಾಲರ್ ಮೀರಬಾರದು ಎಂಬುದು ಒಂದು ದಾರಿ, ನಿಜ. ಆದರೆ ಮಗುವಿನ ಕಾಯಿಲೆಗೆ ಕೈಯಿಂದ ಹಾಕುವ ಖರ್ಚು ಆದಾಯದ ಶೇಕಡಾ 20ನ್ನು ಮೀರುವಂತಿದ್ದರೆ ಅದೂ ಒಂದು ದಾರಿ. ಮೂರು ಆಪರೇಷನ್ ಇರುವ ಮನೆಯಲ್ಲಿ ಈ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಸ್ಕೂಲಿಗೆ ‘504 ಪ್ಲಾನ್’ ಕೇಳಿ. 1973ರ ಕಾಯ್ದೆಯ ಸೆಕ್ಷನ್ 504 ಅಡಿಯಲ್ಲಿ ಬರುವ ಹಕ್ಕು ಇದು. ಬೇಕೆಂದಾಗ ಬಾತ್‌ರೂಮಿಗೆ ಹೋಗಲು ಅನುಮತಿ, ನೀರಿನ ಬಾಟಲಿ ಹತ್ತಿರ ಇಟ್ಟುಕೊಳ್ಳುವುದು, ಬೀಗವಿರುವ ಒಂದು ಖಾಸಗಿ ಬಾತ್‌ರೂಮು, ಬದಲಿ ಬಟ್ಟೆಗೆ ಜಾಗ, ಇವನ್ನೆಲ್ಲ ಬರವಣಿಗೆಯಲ್ಲಿ ಹಾಕಿಸಿ. ಸಬ್‌ಸ್ಟಿಟ್ಯೂಟ್ ಟೀಚರ್ ಬಂದ ದಿನ ಆ ಕಾಗದವೇ ಮಗುವಿನ ಪರವಾಗಿ ಮಾತಾಡಬೇಕು.

ಪದ ಇಲ್ಲದಿದ್ದರೆ ನಾಚಿಕೆ ಬಂದು ಕೂರುತ್ತದೆ

ಈಗ ನಮ್ಮ ಅಂಕಣದ ಮಾಮೂಲಿ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಕನ್ನಡ ಎಲ್ಲಿಯವರೆಗೆ ಬರುತ್ತದೆ? ಊಟ, ಸ್ನಾನ, ನಿದ್ದೆ, ಹಬ್ಬ. ದೇಹದ ವಿಷಯಕ್ಕೆ ಬಂದರೆ ‘ಸುಸ್ಸು’ವಿನಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದಿನದೆಲ್ಲ ಇಂಗ್ಲಿಷ್, ಅದೂ ಆಸ್ಪತ್ರೆಯ ಇಂಗ್ಲಿಷ್. ಹಾಗಾದಾಗ ಮಗು ಏನು ಕಲಿಯುತ್ತದೆ? ಇದು ಅಮ್ಮನ ಭಾಷೆಯಲ್ಲಿ ಆಡಬಾರದ ವಿಷಯ ಎಂದು.

ಎರಡು ಭಾಷೆಯಲ್ಲೂ ಪದ ಕೊಡಿ. ಬ್ಲಾಡರ್ ಅಂದರೆ ಮೂತ್ರಕೋಶ, ಚಿಕ್ಕವರಿಗೆ ಸುಸ್ಸು ಚೀಲ. ಕಿಡ್ನಿ ಅಂದರೆ ಮೂತ್ರಪಿಂಡ. ಊರಿಗೆ ಫೋನ್ ಮಾಡುವಾಗ ಜೋಪಾನ, ಕೆಲವರು ಮೂತ್ರಕೋಶ ಅಂದರೆ ಕಿಡ್ನಿ ಎಂದೇ ತಿಳಿದು ಗಾಬರಿಯಾಗುತ್ತಾರೆ. ‘ಬ್ಲಾಡರ್, ಸುಸ್ಸು ತುಂಬೋ ಚೀಲ’ ಎಂದು ಬಿಡಿಸಿ ಹೇಳಿ. ಕ್ಯಾಥೆಟರ್‌ಗೆ ಕನ್ನಡ ಪದ ಹುಡುಕುವ ಹಟ ಬೇಡ, ಕ್ಯಾಥೆಟರ್ ಅನ್ನಿ. ಹೊಲಿಗೆ, ಗಾಯದ ಕಲೆ, ಅರವಳಿಕೆ, ಇವೆಲ್ಲ ನಮ್ಮಲ್ಲೇ ಇರುವ ಒಳ್ಳೆಯ ಪದಗಳು. ‘ಹೊಲಿಗೆ’ ಅಂದರೆ ಏನೆಂದು ಅಜ್ಜಿಯ ಹೊಲಿಗೆ ಮಷೀನು ನೋಡಿದ ಮಗುವಿಗೆ ತಟ್ಟನೆ ಗೊತ್ತಾಗುತ್ತದೆ.

ನಾಲ್ಕು ವಾಕ್ಯ ಕಲಿಸಿ. ‘ನನ್ನ ಮೂತ್ರಕೋಶ ಹುಟ್ಟುವಾಗ ಸರಿಯಾಗಿ ಆಗಿರಲಿಲ್ಲ, ಡಾಕ್ಟರ್ ಸರಿಮಾಡಿದ್ದಾರೆ.’ ‘ನನಗೆ ಈಗ ಹೋಗಬೇಕು.’ ‘ಹೊಟ್ಟೆ ತುಂಬ ನೋಯ್ತಿದೆ, ಅಮ್ಮನಿಗೆ ಫೋನ್ ಮಾಡಿ.’ ‘ಅದರ ಬಗ್ಗೆ ಈಗ ಮಾತಾಡೋಕೆ ಇಷ್ಟ ಇಲ್ಲ.’ ಕೊನೆಯದನ್ನು ಬಿಡಬೇಡಿ. ಸುಳ್ಳು ಹೇಳುವುದು ಬೇರೆ, ಹೇಳದೆ ಇರುವುದು ಬೇರೆ. ತನ್ನ ದೇಹದ ವಿಷಯ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಮಗುವಿಗೆ ಸೇರಿದ್ದು.

ಮೂರನೆಯ ವಾಕ್ಯ ಎರಡೂ ಭಾಷೆಯಲ್ಲಿ ಬರಲೇಬೇಕು. ಬೇಸಿಗೆ ರಜೆಗೆ ಮೈಸೂರಿಗೋ ಶಿವಮೊಗ್ಗಕ್ಕೋ ಹೋದಾಗ, ನೀವು ಮಾರ್ಕೆಟ್ಟಿಗೆ ಹೋಗಿರುವ ಹೊತ್ತಿನಲ್ಲಿ, ಕರುಳಿನ ತೇಪೆಯ ಮಗು ಅಜ್ಜಿಯ ಹತ್ತಿರ ಇಂಗ್ಲಿಷಿನಲ್ಲಿ ನೋವು ಹೇಳಿಕೊಂಡರೆ ಅರ್ಥವಾಗುವುದು ತಡವಾಗಬಹುದು. ಇಲ್ಲಿ ಕನ್ನಡ ಬರೀ ಸಂಸ್ಕೃತಿಯ ಮಾತಲ್ಲ.

ಹಾಗೆಯೇ, ಆಸ್ಪತ್ರೆಯಲ್ಲಿ ಅಜ್ಜಿ ತಾತನಿಗೆ ಅಥವಾ ನಿಮಗೆ ಭಾಷೆ ತೊಡಕಾದರೆ ಮಗುವಿನಿಂದ ಅನುವಾದ ಮಾಡಿಸಬೇಡಿ. ದುಭಾಷಿಯ ನೆರವು ಕೇಳುವುದು ನಿಮ್ಮ ಹಕ್ಕು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ತನ್ನ ಆಪರೇಷನ್ನಿನ ಅಪಾಯಗಳನ್ನು ತಾನೇ ಕನ್ನಡಕ್ಕೆ ತಿರುಗಿಸಿ ಅಜ್ಜಿಗೆ ಹೇಳುವ ಹೊರೆ ಯಾವ ಮಗುವಿಗೂ ಬೇಡ.

ಅಜ್ಜಿಯ ಫೋನು

‘ಗ್ರಹಣದ ದಿನ ಹೊರಗೆ ಹೋಗಿದ್ದೆಯಾ?’ ಆ ತಾಯಿಗೆ ಊರಿನಿಂದ ಬಂದ ಮೊದಲ ಪ್ರಶ್ನೆ ಇದಂತೆ. ಅತ್ತೆ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕಾರಣ ಸಿಗದ ದುಃಖಕ್ಕೆ ಏನಾದರೂ ಒಂದು ಕಾರಣ ಬೇಕಿತ್ತು. ಆದರೆ ಕೇಳಿಸಿಕೊಂಡವಳು ಏಳು ವರ್ಷ ಅದನ್ನು ಹೊತ್ತಿದ್ದಾಳೆ. ಎಕ್ಸ್‌ಟ್ರೊಫಿ ಆಗುವುದು ಬಸಿರಿನ ಮೊದಮೊದಲ ವಾರಗಳಲ್ಲಿ, ಎಷ್ಟೋ ಸಲ ಬಸಿರಾಗಿರುವುದು ಖಚಿತವಾಗುವ ಹೊತ್ತಿಗೇ. ಗ್ರಹಣದಿಂದಲ್ಲ, ಪಪ್ಪಾಯಿಯಿಂದಲ್ಲ, ತಾಯಿ ಮಾಡಿದ ಯಾವ ತಪ್ಪಿನಿಂದಲೂ ಅಲ್ಲ. ಇದನ್ನು ಊರಿನವರಿಗೆ ಹೇಳುವ ಕೆಲಸ ಗಂಡಂದಿರು ವಹಿಸಿಕೊಳ್ಳಲಿ. ‘ಅಮ್ಮಾ, ಡಾಕ್ಟರ್ ಹೇಳಿದ್ದಾರೆ, ಇದರಲ್ಲಿ ಇವಳ ತಪ್ಪು ಏನೂ ಇಲ್ಲ’ ಎಂದು ಮಗ ಹೇಳಿದರೆ ಅದರ ತೂಕವೇ ಬೇರೆ.

ಇಂಥ ಮಕ್ಕಳು ಭಾರತದಲ್ಲಿ ಇಲ್ಲವೆಂದಲ್ಲ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಅಹಮದಾಬಾದ್‌ನ ಸಿವಿಲ್ ಆಸ್ಪತ್ರೆಯಲ್ಲಿ 2009ರಿಂದ ಅಲ್ಲಿನ ಸರ್ಜನ್‌ಗಳೂ ಅಮೆರಿಕದ ಮಕ್ಕಳ ಆಸ್ಪತ್ರೆಗಳ ಸರ್ಜನ್‌ಗಳೂ ಸೇರಿ ಎಕ್ಸ್‌ಟ್ರೊಫಿ ಮಕ್ಕಳಿಗೆ ಆಪರೇಷನ್ ಮಾಡುತ್ತಾ ಬಂದಿದ್ದಾರೆ. ವರ್ಷಗಟ್ಟಲೆ ಬಟ್ಟೆ ಕಟ್ಟಿಕೊಂಡು, ಸ್ಕೂಲಿಗೂ ಹೋಗದೆ ಬೆಳೆದ ಮಕ್ಕಳು ಅಲ್ಲಿಗೆ ಬರುತ್ತಾರೆ. ಬಚ್ಚಿಟ್ಟು ಬೆಳೆಸುವುದರ ಬೆಲೆ ಎಷ್ಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಊರಿಗೆ ಹೊರಡುವಾಗ ಕ್ಯಾಥೆಟರುಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ. ಲೆಕ್ಕಕ್ಕಿಂತ ಹೆಚ್ಚೇ ಇರಲಿ. ಡಾಕ್ಟರ ಕಾಗದ ಜೊತೆಗಿರಲಿ. ವಿಮಾನದಲ್ಲಿ ಟೈಮ್‌ಝೋನ್ ಲೆಕ್ಕ ಮರೆತು, ಫೋನಿನಲ್ಲಿ ಮೂರೋ ನಾಲ್ಕೋ ಗಂಟೆಗೊಮ್ಮೆ, ಡಾಕ್ಟರ್ ಹೇಳಿದಂತೆ, ಅಲಾರಂ ಇಡಿ.

ಸ್ಲೀಪ್‌ಓವರ್ ಏನಾಯಿತು ಎಂದು ನೀವು ಕೇಳುತ್ತೀರಿ. ಆ ತಾಯಿ ಮೊದಲು ಮಗಳನ್ನು ಕೇಳಿದರು, ಗೆಳತಿಯ ಅಮ್ಮನಿಗೆ ಹೇಳಲೇ ಎಂದು. ‘ಆಂಟಿಗೆ ಹೇಳು, ಮಿಕ್ಕವರಿಗೆ ಬೇಡ’ ಎಂದಳಂತೆ. ಹೇಳಿದರು, ಎರಡೇ ವಾಕ್ಯದಲ್ಲಿ. ಆಂಟಿ ಬಲೂನು ಬದಲಿಸಿದರು, ತಮ್ಮ ರೂಮಿನ ಬಾತ್‌ರೂಮು ತೋರಿಸಿದರು. ಹುಡುಗಿ ರಾತ್ರಿ ಹತ್ತರವರೆಗೆ ಆಡಿ ಮನೆಗೆ ಬಂದಳು. ಪೂರ್ತಿ ರಾತ್ರಿ ಉಳಿಯುವುದು ಆಪರೇಷನ್ ಆದ ಮೇಲೆ, ಮುಂದಿನ ವರ್ಷ ಎಂದು ಅವಳೇ ತೀರ್ಮಾನಿಸಿದ್ದಾಳೆ.

ಈ ವಾರ ನಿಮ್ಮ ಮನೆಯಲ್ಲಿ ಒಂದು ಸಣ್ಣ ಕೆಲಸ ಮಾಡಿ. ಒಂದು ಹಾಳೆಯ ಮೇಲೆ ಮಗುವಿನ ದೇಹದ ಚಿತ್ರ ಬರೆದು, ಒಳಗಿನ ಭಾಗಗಳಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರು ಬರೆಯಿಸಿ. ಹೃದಯ, ಶ್ವಾಸಕೋಶಕ್ಕೆ ನಿಲ್ಲಿಸಬೇಡಿ. ಇನ್ನೂ ಸ್ವಲ್ಪ ಕೆಳಗೆ ಇಳಿಯಿರಿ.